ಚೈನ್ ಕವರಿನ ಮೇಲಿನ ಹೆಸರು

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ಮಧ್ಯಾಹ್ನದ ರೈಲನ್ನು ನಾನು ಹತ್ತಿದ್ದು ಒಂದು ವಾದ ಗೆಲ್ಲುವುದಕ್ಕೆ. ಕಾಲೇಜೊಂದರ ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪುಸ್ತಕ ಕೊಡುವ, ಪಡೆಯುವ ಕೆಲಸ ನನ್ನದು. ಮಂಡಿನೋವಿಗೆ ಡಾಕ್ಟರು ಹೇಳಿದರೆಂದು ನಾಲ್ಕು ವರ್ಷದಿಂದ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿಬರುತ್ತೇನೆ. ಹೋಗಿಬಂದು ಸುಮ್ಮನಿರುವುದಿಲ್ಲ, ಸಿಕ್ಕಿದವರಿಗೆಲ್ಲ ಅದನ್ನು ಹೇಳುತ್ತೇನೆ. ಒಂದು ದಿನ ನಮ್ಮ ಅಟೆಂಡರ್ ನಾಗಮ್ಮನಿಗೆ ತಾಳ್ಮೆ ಕೆಟ್ಟಿತು.

"ಅದೇನ್ ಮೇಡಂ, ಲೋಕದಲ್ಲಿ ನೀವೊಬ್ರೇ ಸೈಕಲ್ ತುಳ್ದಂಗೆ ಆಡ್ತೀರಿ? ನಮ್ಮೂರ್ ಕಡೆ ಎಂಗಸ್ರು ದಂಡ್‌ದಂಡಾಗಿ ತುಳ್ಕಂಡ್ ಕೆಲ್ಸಕ್ ಓಯ್ತರೆ. ನನ್ ತಂಗಿ ಸಿದ್ದರಾಜಮ್ಮನೂ ಓಯ್ತಳೆ."

ಚಾಮರಾಜನಗರದ ಹತ್ತಿರದ ಹರದನಹಳ್ಳಿ ಅವಳ ತಂಗಿಯ ಊರು. ಹಳ್ಳಿಯ ಮನೆಮನೆಯಲ್ಲೂ ಮೋಟಾರ್ ಸೈಕಲ್ ಇರುವ ಈ ಕಾಲದಲ್ಲಿ ದಂಡುದಂಡಾಗಿ ಸೈಕಲ್ಲೆ? ನಾನು ನಂಬಲಿಲ್ಲ. ನಾಲ್ಕು ದಿನ ರಜೆ ಹಾಕಿ, ಇಪ್ಪತ್ತು ರೂಪಾಯಿ ಟಿಕೆಟ್ ತೆಗೆದುಕೊಂಡು ಹೊರಟೆ. ಅಲ್ಲೊಂದು ಸೈಕಲ್ ಬಾಡಿಗೆಗೆ ಹಿಡಿದು, ಚಾಮರಾಜನಗರ ನೋಡಿಕೊಂಡು, ಗುಂಡ್ಲುಪೇಟೆವರೆಗೆ ತುಳಿದುಕೊಂಡು ಹೋಗುವುದು ನನ್ನ ಯೋಜನೆಯಾಗಿತ್ತು.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ನಂಜನಗೂಡು ದಾಟಿದ ಮೇಲೆ ಕಿಟಕಿಯಾಚೆ ಬಾಳೆ ತೋಟ, ಆಳೆತ್ತರ ಬೆಳೆದ ಅರಿಶಿನದ ಹೊಲಗಳು ಬಂದವು. ಬದನಗುಪ್ಪೆಯ ಹತ್ತಿರ ಹೊಲಗಳ ನಡುವೆ ಇದ್ದಕ್ಕಿದ್ದಂತೆ ತಗಡಿನ ಚಾವಣಿಯ ದೊಡ್ಡ ದೊಡ್ಡ ಶೆಡ್ಡುಗಳು ಕಂಡವು. ಆ ಶೆಡ್ಡುಗಳಲ್ಲಿ ಯಾವುದೋ ಒಂದು ಗಾರ್ಮೆಂಟ್ಸಿನಲ್ಲಿ ನಾಗಮ್ಮನ ತಂಗಿ ಶರ್ಟಿಗೆ ಕಾಲರ್ ಹೊಲಿಯುತ್ತಾಳೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

ಚಾಮರಾಜನಗರದಲ್ಲಿ ಇಳಿದು ಬಾಡಿಗೆ ಸೈಕಲ್ ಕೇಳಿದರೆ ಜನ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. ಕೊನೆಗೆ ಒಬ್ಬರು ದೊಡ್ಡ ಸರ್ಕಲ್ಲಿನ ಪಕ್ಕದ ಒಂದು ಸೈಕಲ್ ಅಂಗಡಿ ತೋರಿಸಿದರು. ಅಂಗಡಿಯವರ ಹೆಸರು ಬಸವಣ್ಣ. ಅರವತ್ತು ದಾಟಿದವರು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪಂಚರ್ ಹಾಕುತ್ತಿದ್ದ ಟ್ಯೂಬು.

"ಬಾಡ್ಗೆ ಸೈಕಲ್ಲಾ? ಅದು ಓಗಿ ಇಪ್ಪತ್ತೊರ್ಸ ಆಯ್ತು ಕಣವ್ವ," ಎಂದು ನಕ್ಕರು.

ಆದರೆ ಅವರ ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ ನಲವತ್ತರ ಹತ್ತಿರ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಹೆಂಗಸರ ಸೈಕಲ್ಲು, ಎಲ್ಲವೂ ಒಂದೇ ನೀಲಿ ಬಣ್ಣ, ಒಂದೇ ಎತ್ತರ. ಹಿಂದೆ ಎಂಟನೇ ಕ್ಲಾಸಿಗೆ ಬಂದ ಮಕ್ಕಳಿಗೆ ಸರ್ಕಾರ ಕೊಡುತ್ತಿತ್ತಲ್ಲ, ಆ ಸೈಕಲ್ಲುಗಳು. ಯಾವುದು ಯಾರದೆಂದು ಗೊತ್ತಾಗಲಿ ಎಂದು ಹುಡುಗಿಯರು ಆಗ ಚೈನ್ ಕವರಿನ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು ಬರೆಸಿಕೊಂಡಿದ್ದರು. ರಶ್ಮಿ, ಕಾವ್ಯ, ಪಲ್ಲವಿ, ಇನ್ನೊಬ್ಬಳು ಪಲ್ಲವಿ. ಪೇಂಟು ಕೆಲವು ಕಡೆ ಉದುರಿತ್ತು.

"ಇವರೆಲ್ಲ ಯಾವ ಶಾಲೆಯ ಮಕ್ಕಳು?" ಎಂದು ಕೇಳಿದೆ.

"ಮಕ್ಳಲ್ಲ ಕಣವ್ವ! ಮಕ್ಳು ಓದಿ, ಮದ್ವೆ ಆಗಿ ಒಂಟೋದ್ರು. ಇವೆಲ್ಲ ಅವ್ರ ಅವ್ವಂದ್ರು ತುಳಿಯವು. ಕೊರೋನಾದಲ್ಲಿ ಬಸ್ಸು ನಿಂತೋಗಿತ್ತಲ್ಲ, ಆಗ ಮೊದ್ಲು ಒಬ್ಳು ಬಂದ್ಲು. ಅಟ್ಟದ ಮೇಲಿದ್ದ ಮಗ್ಳ ಸೈಕಲ್ ಇಳಿಸ್ಕಂಡ್ ಬಂದು, ಅಣ್ಣ ಇದ್ಕೆ ಗಾಳಿ ಒಡ್ಕೊಡು ಅಂದ್ಲು. ಆಮ್ಯಾಕೆ ಒಂಬತ್ತ್ ಜನ ಆದ್ರು. ಈಗ ನೋಡಿ. ಅಂಗ್ಡಿ ಮುಚ್ಬುಟ್ಟು ಮೊಮ್ಮಕ್ಳನ್ನ ಆಡಿಸ್ಕಂಡಿರನ ಅಂತಿದ್ದೆ, ಇವ್ರು ಬುಡ್ನಿಲ್ಲ."

ಹರದನಹಳ್ಳಿಯ ಸಿದ್ದರಾಜಮ್ಮ ಗೊತ್ತೇ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ ತಲೆ ಅಲ್ಲಾಡಿಸಿದರು. ಆ ಹೆಸರಿನವರು ಯಾರೂ ಇಲ್ಲಿ ಸೈಕಲ್ ಬಿಡುವುದಿಲ್ಲವಂತೆ. ಅರ್ಧ ವಾದವನ್ನಾದರೂ ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವರೇ, "ಮಗ್ಳೆಸ್ರು ಏನು?" ಎಂದರು. ಶ್ವೇತಾ ಎಂದು ನಾಗಮ್ಮ ಹೇಳಿದ್ದು ನೆನಪಿತ್ತು.

"ಅಯ್ಯೋ, ನಮ್ ಶ್ವೇತಾನಾ! ಅಂಗ್ ಯೋಳಿ ಮತ್ತೆ. ಕೂತ್ಕಳಿ, ಕಂಪ್ನಿ ಬಸ್ ಬರೋ ಒತ್ತಾಯ್ತು."

ಬದನಗುಪ್ಪೆಯಿಂದ ಕಂಪನಿ ಬಸ್ಸು ಬಂದು ನಿಂತಿತು. ನಲವತ್ತು, ನಲವತ್ತೈದರ ಹೆಂಗಸರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಇಳಿದರು. ಬಸವಣ್ಣ ನಿಂತಲ್ಲಿಂದಲೇ ಹಾಜರಿ ಕೂಗುವ ಮೇಷ್ಟರಾದರು. "ರಶ್ಮೀ, ನಿನ್ ಹಿಂದ್ಲ ಚಕ್ರದ ಗಾಳಿ ನೋಡ್ಕ. ಕಾವ್ಯ, ಬ್ರೇಕ್ ರಬ್ಬರ್ ಆಕಿವ್ನಿ. ಶ್ವೇತಾ, ನಿನ್ನ ನೋಡಕ್ಕೆ ಮೈಸೂರಿಂದ ಬಂದವ್ರೆ." ನಲವತ್ತಮೂರು ವರ್ಷದ, ನರೆಗೂದಲಿನ, ಗಟ್ಟಿ ಮೈಕಟ್ಟಿನ ಹೆಂಗಸೊಬ್ಬಳು "ಆ?" ಎಂದು ತಿರುಗಿದಳು. ಅವಳೇ ಸಿದ್ದರಾಜಮ್ಮ. ಕಂಪನಿ ಬಸ್ಸಿನಲ್ಲೂ ಒಬ್ಬರನ್ನೊಬ್ಬರು ಮಕ್ಕಳ ಹೆಸರಿನಲ್ಲೇ ಕರೆಯುವುದು ರೂಢಿಯಾಗಿದೆ ಎಂದು ಆಮೇಲೆ ಗೊತ್ತಾಯಿತು.

"ಅಕ್ಕ ಫೋನ್ ಮಾಡಿದ್ಲು. ಬನ್ನಿ, ಮನೆಗ್ ಓಗನ. ಡಬ್ಬಲ್ ಕೂತ್ಕತೀರಾ?" ಎಂದಳು.

ಮೈಸೂರಿನ ಸೈಕಲ್ ಪರಿಣತೆ ಹಿಂದಿನ ಕ್ಯಾರಿಯರಿನ ಮೇಲೆ ಒಂದೇ ಕಡೆ ಕಾಲು ಇಳಿಬಿಟ್ಟುಕೊಂಡು, ಬ್ಯಾಗು ಎದೆಗವಚಿಕೊಂಡು ಹರದನಹಳ್ಳಿಗೆ ಹೋದಳು. ಸುಮಾರು ಆರು ಕಿಲೋಮೀಟರ್ ದಾರಿ. ನಮ್ಮ ಹಿಂದೆ ಮುಂದೆ ಹನ್ನೆರಡು ಸೈಕಲ್ಲುಗಳಿದ್ದವು, ಎಲ್ಲವೂ ಆ ದಿನದ ಕಾಲರ್, ಕಾಜಾಗಳ ಮಾತಾಡಿಕೊಂಡು ಹೋಗುತ್ತಿದ್ದವು. ಮಧ್ಯೆ ಇಳಿದು ನಾನು ತುಳಿಯುತ್ತೇನೆ ಅಂದೆ. "ಇರ್ಲಿ ಬುಡಿ ಅಕ್ಕ, ನೀವೇನ್ ಭಾರ ಇದ್ದೀರಿ?" ಎಂದು ಅವಳು ಏದುಸಿರಿನಲ್ಲೇ ಸುಳ್ಳು ಹೇಳಿದಳು.

ಬಸ್ಸು ಇರುವಾಗ ಸೈಕಲ್ ಯಾಕೆ ಎನ್ನುವುದಕ್ಕೆ ಉತ್ತರ ಅವಳ ಮನೆಯ ಜಗಲಿಯ ಮೇಲೆ ಸಿಕ್ಕಿತು. ಕಂಪನಿ ಬಸ್ಸು ಸರ್ಕಲ್ ಬಿಡುವುದು ಬೆಳಿಗ್ಗೆ ಏಳಕ್ಕೆ ಸರಿಯಾಗಿ. ಏಳೂವರೆಗೆ ಫ್ಯಾಕ್ಟರಿಯ ಗೇಟು ಮುಚ್ಚುತ್ತದೆ. ಊರಿನ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ನಿಜ. ಆದರೆ ಊರಿಗೆ ಬರುವ ಹೊತ್ತಿಗೆ ಬೆಳಗಿನ ಬಸ್ಸು ತುಂಬಿರುತ್ತದೆ, ಕಾಲಿಡಲು ಜಾಗ ಸಿಕ್ಕಿದರೂ ಸರ್ಕಲ್ ಸೇರುವುದು ಏಳೂಕಾಲಕ್ಕೆ. ಗಂಡ ಪುಟ್ಟಸ್ವಾಮಿ ಐದು ಗಂಟೆಗೇ ಮೋಟಾರ್ ಸೈಕಲ್ಲಿನಲ್ಲಿ ಕರಿಕಲ್ಲು ಕ್ವಾರಿಯ ಕೆಲಸಕ್ಕೆ ಇನ್ನೊಂದು ದಿಕ್ಕಿಗೆ ಹೋಗುತ್ತಾನೆ.

"ಎರಡ್ ಸಲ ಗೇಟ್ ಮುಚ್ಚೋಗಿ ವಾಪಸ್ ಬಂದಿವ್ನಿ. ಇನ್ನೊಂದ್ ಸಲ ಆದ್ರೆ ಬರ್ಲೇಬೇಡ ಅಂದವ್ರೆ ಸೂಪ್ರವೈಸರು," ಎಂದಳು ಸಿದ್ದರಾಜಮ್ಮ. ಅದಾದದ್ದು ಸೈಕಲ್ ಹಿಡಿಯುವುದಕ್ಕೆ ಮುಂಚೆ. ಆಮೇಲೆ ಒಂದು ದಿನವೂ ತಡವಾಗಿಲ್ಲವಂತೆ.

ರಾಗಿಮುದ್ದೆ, ಹುರುಳಿಕಾಳಿನ ಉಪ್ಸಾರು ಆಯಿತು. ನಾನು ಮಾರನೆಯ ದಿನ ಗುಂಡ್ಲುಪೇಟೆಗೆ ಹೋಗುವವಳೆಂದು ಕೇಳಿ ಅವಳು ಗಂಡನ ಮುಖ ನೋಡಿದಳು. ಆಮೇಲೆ ಸರಸರನೆ ಹೇಳಿಬಿಟ್ಟಳು. "ಎಂಗೂ ಸೈಕಲ್ಲು ಬೇಕು ಅಂತೀರಲ್ಲಕ್ಕ, ಇದ್ನೇ ತುಳ್ಕಂಡ್ ಓಗಿ. ಹಂಗಳದಲ್ಲಿ ನನ್ ಮಗ್ಳಿಗೆ ಕೊಟ್ಬುಡಿ." ಶ್ವೇತಾಳನ್ನು ಕೊಟ್ಟಿರುವುದು ಗುಂಡ್ಲುಪೇಟೆಯಿಂದ ಎಂಟು ಕಿಲೋಮೀಟರ್ ಆಚೆ, ಬಂಡೀಪುರದ ದಾರಿಯ ಹಂಗಳಕ್ಕೆ. ಅವಳಿಗೆ ಹೊಸದಾಗಿ ಪೇಟೆಯ ಮೆಡಿಕಲ್ ಸ್ಟೋರ್ ಒಂದರಲ್ಲಿ ಕೆಲಸ ಸಿಕ್ಕಿದೆ. ಅಲ್ಲೂ ಬಸ್ಸುಗಳು ಮೇಲಿಂದಲೇ ತುಂಬಿಕೊಂಡು ಬರುತ್ತವೆ. "ಅವ್ವ, ನನ್ ಸೈಕಲ್ ಇನ್ನೂ ಅದಾ?" ಎಂದು ಫೋನಿನಲ್ಲಿ ಒಂದು ಸಲ ಕೇಳಿದಳಂತೆ. ಒಂದೇ ಸಲ.

"ನಿನಗೆ?" ಎಂದೆ.

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಪುಟ್ಟಸ್ವಾಮಿಯ ಹಳೆಯ ಗಂಡಸರ ಸೈಕಲ್ಲು ಒರಗಿತ್ತು, ಎತ್ತರದ್ದು, ಮಧ್ಯೆ ಅಡ್ಡಪಟ್ಟಿಯ ಬಾರ್ ಇರುವಂಥದ್ದು. "ಅದ್ರಲ್ಲಿ ಚಿಕ್ಕೋಳಿದ್ದಾಗ ಒಳಪೆಡ್ಲು ಒಡೀತಿದ್ದೆ." ನಮ್ಮ ಕಾಲದ ಎಲ್ಲ ಮಕ್ಕಳೂ ಹಾಗೆಯೇ ಕಲಿತದ್ದು, ಸೀಟಿಗೆ ಎಟುಕದೆ, ಬಾರಿನ ಕೆಳಗೆ ಕಾಲು ತೂರಿಸಿ, ಮೈಯನ್ನು ಒಂದು ಕಡೆ ಓರೆ ಮಾಡಿಕೊಂಡು.

"ಈಗ ಸೀಟಿನ ಮೇಲೆ ಕೂರಬಹುದಲ್ಲ?"

"ಕಾಲ್ ಎತ್ತಿ ಆ ಕಡೆ ಆಕ್ಬೇಕಲ್ಲಕ್ಕ, ಸೀರೇಲಿ ಎಂಗಾದದು?"

"ಚೂಡಿದಾರ ಹಾಕಿಕೋ."

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಚೂಡಿ ಎಣ್‌ಮಕ್ಳು ಆಕ್ಕಳದು. ಈ ವಯಸ್ನಲ್ಲಿ ಊರ ಮುಂದೆ? ಬುಡಿ, ನಂದು ಎಂಗೋ ಆಯ್ತದೆ." ಪುಟ್ಟಸ್ವಾಮಿ ಎದ್ದು ಮಲಗಲು ಹೋದ. ಇವಳು ಕೆಲಸವನ್ನೇ ಪಣಕ್ಕಿಟ್ಟು ಸೈಕಲ್ ಕೊಡುತ್ತಿದ್ದಾಳೆ ಎಂದು ನನಗೆ ಸಂಕಟವಾಯಿತು. ಬೇಡ ಅನ್ನಲು ನಾನು ಯಾರು?

ಎರಡನೆಯ ದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ಮಂಜು ಇನ್ನೂ ಹೊಲದ ಮೇಲೆಯೇ ಇತ್ತು. ಈ ಸಲ ಹಟ ಮಾಡಿ ನಾನೇ ತುಳಿದೆ, ಸಿದ್ದರಾಜಮ್ಮ ಹಿಂದೆ ಕೂತಳು. ಆರು ಕಿಲೋಮೀಟರಿಗೆ ನನ್ನ ನಾಲ್ಕು ವರ್ಷದ ಜಂಬ ಇಳಿಯಿತು. ಹನ್ನೆರಡು ಹೆಂಗಸರೂ ನಮ್ಮನ್ನು ಹಿಂದೆ ಹಾಕಿದರು. ಸರ್ಕಲ್ಲಿನಲ್ಲಿ ಅವಳು ಒಂದು ಗಂಟನ್ನು ಕ್ಯಾರಿಯರಿಗೆ ಹಗ್ಗದಿಂದ ಬಿಗಿಯಾಗಿ ಕಟ್ಟಿದಳು. "ಒಂದೀಟ್ ಅಕ್ಕಿ, ಒಂದ್ ಕಾಯಿ" ಎಂದಳು. ಹಂಗಳದಲ್ಲಿ ಅಕ್ಕಿ ಸಿಗುವುದಿಲ್ಲವೇನೋ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಅವಳು ಸೈಕಲ್ಲಿನ ಹ್ಯಾಂಡಲ್ಲನ್ನು ಒಮ್ಮೆ ಸವರಿ, ತಿರುಗಿ ನೋಡದೆ ಬಸ್ಸು ಹತ್ತಿದಳು.

ಚಾಮರಾಜನಗರದಿಂದ ತೆರಕಣಾಂಬಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಗೇರಿಲ್ಲದ ಶಾಲೆಯ ಸೈಕಲ್ಲಿನಲ್ಲಿ ನನಗೆ ಮೂರು ಗಂಟೆ ಹಿಡಿಯಿತು. ಏರು ಬಂದಲ್ಲೆಲ್ಲ ಇಳಿದು ತಳ್ಳಿದೆ. ದಾರಿಯಲ್ಲಿ ಟೊಮೆಟೊ, ಬೀಟ್‌ರೂಟ್, ಬಾಳೆ. ಒಂದು ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆ. ಹೋಟೆಲಿನವ ಚೈನ್ ಕವರ್ ಓದಿ, "ಶ್ವೇತಾ ಪಿ., ಎಂಟನೇ ಬಿ, ಕಾಫಿ ಕುಡೀತೀರಾ?" ಎಂದ. ಐವತ್ತೆರಡರ ವಯಸ್ಸಿನಲ್ಲಿ ನಾನೂ ಶ್ವೇತಾಳಾದೆ. ಹಾಗೆ ಕರೆಸಿಕೊಂಡಾಗ ಒಂದು ಬಗೆಯ ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಸ್ವಲ್ಪ ದೂರ ಹೋದ ಮೇಲೆ ಸಿದ್ದರಾಜಮ್ಮನ ನೆನಪಾಯಿತು. ನನಗೆ ಅದು ಒಂದು ದಿನದ ತಮಾಷೆ. ಅವಳಿಗೆ ವರ್ಷಗಳಿಂದ ಊರಾಚೆಗೆ ಇದ್ದದ್ದು ಅದೊಂದೇ ಹೆಸರು.

ತೆರಕಣಾಂಬಿ ತರಕಾರಿ ಮಾರುಕಟ್ಟೆಯ ಎದುರು ಹಿಂದಿನ ಚಕ್ರ ಪಂಚರಾಯಿತು. ಪಂಚರ್ ಹಾಕುವವನು ಮದುವೆಗೆ ಹೋಗಿದ್ದ. ಸೈಕಲ್ ಹಿಡಿದು ನಿಂತಿದ್ದ ನನ್ನನ್ನು ಕಂಡು ಕೇರಳಕ್ಕೆ ತರಕಾರಿ ಒಯ್ಯುವ ಟೆಂಪೊದವನು ತಲೆ ಹೊರಹಾಕಿದ. ಹೆಸರು ಶಾಜಿ, ಊರು ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆಯ ದಾರಿಯಲ್ಲಿ ಹದಿನಾಲ್ಕು ವರ್ಷದಿಂದ ಓಡಾಡಿ ಕನ್ನಡ ಕಲಿತವನು.

"ಎಂದಾ ಚೇಚೀ, ಏನಕ್ಕಾ, ಪಂಚರ್ ಆಯ್ತಾ? ಹತ್ತಿ ಹತ್ತಿ. ಸೈಕಲ್ ಮೇಲೆ ಹಾಕುವಾ."

ಸೈಕಲ್ಲು ಎಲೆಕೋಸಿನ ಚೀಲಗಳ ಮೇಲೇರಿತು. ಗಂಟು ಬಿದ್ದುಹೋದೀತೆಂದು ಬಿಚ್ಚಿಕೊಂಡು ತೊಡೆಯ ಮೇಲಿಟ್ಟುಕೊಂಡೆ. ಅದರ ಬಾಯಿಂದ ಒಂದು ಜೊತೆ ಬಾಳೆಹಣ್ಣು ಇಣುಕುತ್ತಿತ್ತು. ದಾರಿಗೆ ಇರಲಿ ಎಂದು ಇಟ್ಟಿರಬೇಕು ಅಂದುಕೊಂಡೆ. ಒಂದನ್ನು ಶಾಜಿಗೆ ಕೊಟ್ಟು ಒಂದನ್ನು ನಾನು ತಿಂದೆ. ಬಾಡಿಗೆ ಕೇಳಿದರೆ ಅವನು, "ಹಣ್ಣು ಕೊಟ್ಟದ್ದು ಸಾಕು" ಎಂದು ಗುಂಡ್ಲುಪೇಟೆಯಲ್ಲಿ ಇಳಿಸಿದ.

ಅಲ್ಲಿ ಪಂಚರ್ ಹಾಕಿಸಿ, ಸಂಜೆಯ ಹೊತ್ತಿಗೆ ಹಂಗಳ ಮುಟ್ಟಿದೆ. ಎಡಬಲಕ್ಕೆ ಲಾರಿ, ಕಾರು, ಊಟಿಗೆ ಹೋಗುವವರ ಅವಸರ. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ತಲೆಯ ಮೇಲೆ ಮೋಡ ಕೂತಿತ್ತು. ಶ್ವೇತಾಳ ಮನೆ ಕೇಳುವ ಕೆಲಸವೇ ಬೀಳಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಹುಡುಗಿ ಸೈಕಲ್ ಕಂಡು ನಿಂತುಬಿಟ್ಟಳು. ಮೊದಲು ಸೈಕಲ್ ನೋಡಿದಳು, ಹೆಸರು ನೋಡಿದಳು, ಆಮೇಲೆ ನನ್ನನ್ನು.

"ಇದು ನಂದು," ಎಂದಳು. ಇಪ್ಪತ್ತಮೂರು ವರ್ಷದವಳ ದನಿ ಎಂಟನೇ ಕ್ಲಾಸಿನದಾಗಿತ್ತು.

ಮನೆಯಲ್ಲಿ ಅವಳ ಅತ್ತೆ ಗೌರಮ್ಮ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಗಂಟು ಬಿಚ್ಚಿದರು. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ಅರಿಶಿನದ ಕೊಂಬು, ಮಡಿಸಿದ ರವಿಕೆ ಬಟ್ಟೆ. ಒಂದೊಂದನ್ನೇ ತೆಗೆದು ಮೊರದಲ್ಲಿಟ್ಟು, "ಹಣ್ಣು ಕಾಣಲ್ವಲ್ಲ?" ಎಂದರು.

ಆಗ ನನಗೆ ಹೊಳೆಯಿತು. ಅದು ಮಡಿಲಕ್ಕಿ. ತವರಿನಿಂದ ಹೊರಡುವ ಮಗಳ ಮಡಿಲಿಗೆ ತುಂಬಿ ಕಳಿಸುವ ಅಕ್ಕಿ. ಅದನ್ನು ರೇಷನ್ ಅಂದುಕೊಂಡು, ಅದರ ಜೋಡಿ ಹಣ್ಣನ್ನು ಟೆಂಪೊ ಡ್ರೈವರಿನ ಜೊತೆ ಹಂಚಿಕೊಂಡು ತಿಂದಿದ್ದೆ. ಇಷ್ಟೆಲ್ಲ ಪುಸ್ತಕಗಳ ಮಧ್ಯೆ ಕೂತು ನಾನು ಕಲಿತದ್ದೇನು? ತಪ್ಪೊಪ್ಪಿಕೊಂಡೆ. ಗೌರಮ್ಮ ನಕ್ಕುಬಿಟ್ಟರು. "ತಿಂದ್ರೆ ತಿನ್ನಿ ಬುಡಿ. ನೀವೂ ತವರ್ನಿಂದ ಬಂದೋರೇ ತಾನೆ?"

ಶ್ವೇತಾ ನಗಲಿಲ್ಲ. ಮೊರದ ಮುಂದೆ ಕೂತು, "ಅವ್ವಂಗೆ ಬ್ಯಾರೆ ಸೈಕಲ್ ತಕ್ಕೊಟ್ನಾ ಅಪ್ಪ?" ಎಂದು ಕೇಳಿದಳು. ಇಲ್ಲ ಎಂದೆ. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. ಗೇಟಿನ ವಿಷಯ, ಮೂರನೆಯ ಸಲದ ವಿಷಯ, ಗೋಡೆಗೆ ಒರಗಿದ ಗಂಡಸರ ಸೈಕಲ್ಲಿನ ವಿಷಯ ಎಲ್ಲ ಹೇಳಿದೆ.

"ಬ್ಯಾಡ. ನಾಳೆ ಬಸ್ ಮೇಲೆ ಆಕಿ ವಾಪಸ್ ಕಳ್ಸನ," ಎಂದಳು ಶ್ವೇತಾ. "ನಾನು ಸುಮ್ನೆ ಅದಾ ಅಂತ ಕೇಳ್ದೆ ಅಷ್ಟೆ. ಕಳ್ಸು ಅಂದ್ನಾ?"

"ಎಂಗ್ ಕಳ್ಸಿಯೇ ಕಣಮ್ಮಿ?" ಎಂದರು ಅತ್ತೆ. "ಬರೀ ಸೈಕಲ್ ಆಗಿದ್ರೆ ಕಳ್ಸಬೋದಿತ್ತು. ಮಡ್ಲಕ್ಕಿ ಕಟ್ಟಿ ಕಳ್ಸವ್ಳೆ. ಮಡ್ಲು ತುಂಬಿ ಕೊಟ್ಟಿದ್ದ ತವರಿಗೆ ತಿರುಗ್ಸಂಗಿಲ್ಲ."

ಶ್ವೇತಾ ಮೊರವನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಅವಳ ಕಣ್ಣಲ್ಲಿ ನೀರೂ ಬಂತು, ನಗುವೂ ಬಂತು. "ಗೊತ್ತಿದ್ದೇ ಮಾಡವ್ಳೆ ಅತ್ತೆ! ನಾನು ವಾಪಸ್ ಕಳ್ಸ್‌ಬುಡ್ತೀನಿ ಅಂತ ಗೊತ್ತಿದ್ದೇ ಗಂಟ್ ಕಟ್ಟವ್ಳೆ. ನಮ್ಮವ್ವ ಬಲೇ ಚಾಲಾಕಿ ಕಣತ್ತೆ."

ಬೆಳಿಗ್ಗೆ ಆ ಹೆಂಗಸು ಹಗ್ಗ ಅಷ್ಟು ಬಿಗಿಯಾಗಿ ಕಟ್ಟಿದ್ದೇಕೆಂದು ನನಗೆ ಆಗ ಅರ್ಥವಾಯಿತು.

ಮೂರನೆಯ ದಿನ ಬೆಳಿಗ್ಗೆ ಶ್ವೇತಾಳೇ ಗುಂಡ್ಲುಪೇಟೆಗೆ ತುಳಿದಳು. ನಾನು ಪಕ್ಕದ ಮನೆಯವರಿಂದ ಕೇಳಿ ತಂದ ಸೈಕಲ್ಲಿನಲ್ಲಿ ಹಿಂದೆ ಹೋದೆ. ಹೊರಡುವಾಗ ಗೌರಮ್ಮ ಸೊಸೆಗೆ, "ಸದ್ದಿಲ್ದ ಗಾಡಿ ಇದು. ಬೆಲ್ ಒಡ್ಕಂಡೇ ಓಗು, ಆನೆ ಗೀನೆ ಇದ್ದಾತು," ಎಂದರು. ಕಾಡಂಚಿನ ಊರಿನವರಿಗೆ ಬೆಲ್ಲು ಬೇಕಿರುವುದು ಮುಂದಿನ ಮನುಷ್ಯನಿಗಾಗಿ ಅಲ್ಲ. ಮೊದಲ ಎರಡು ಕಿಲೋಮೀಟರ್ ಇಬ್ಬರೂ ಹುಚ್ಚರ ಹಾಗೆ ಬೆಲ್ ಬಾರಿಸಿಕೊಂಡು ಹೋದೆವು.

ಪೇಟೆ ಹತ್ತಿರವಾದಂತೆ ಸೈಕಲ್ಲುಗಳು ಬಂದು ಸೇರತೊಡಗಿದವು. ತರಕಾರಿ ಮಂಡಿಯ ಹಮಾಲರು, ಹೋಟೆಲಿನ ಪಾತ್ರೆ ತೊಳೆಯುವ ಹೆಂಗಸರು, ಟಿಫನ್ ಕ್ಯಾರಿಯರ್ ತೂಗುಹಾಕಿಕೊಂಡ ಒಬ್ಬ ಟೈಲರು. ಎಣಿಸುತ್ತ ಹೋದೆ, ಐವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ಐದು ವರ್ಷದ ಹಿಂದೆ ಇದರ ಕಾಲು ಭಾಗವೂ ಇರಲಿಲ್ಲ ಎಂದು ಮೆಡಿಕಲ್ ಸ್ಟೋರಿನ ಎದುರು ಕಬ್ಬಿನ ಹಾಲು ಮಾರುವವನು ಹೇಳಿದ. ಮೈಸೂರಿನಲ್ಲಿ ನಾವು ಸೈಕಲ್ ತುಳಿಯುವವರು ಹೊಗೆ, ಗಾಳಿ, ಆರೋಗ್ಯ ಎಂದೆಲ್ಲ ಮಾತಾಡುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಮೂರು ದಿನದಲ್ಲಿ ಒಬ್ಬರ ಬಾಯಿಂದಲೂ ಆ ಮಾತು ಬರಲಿಲ್ಲ. ಎಲ್ಲರೂ ಹೇಳಿದ್ದು ಒಂದು ಹೊತ್ತನ್ನು. ಏಳು ಗಂಟೆ, ಎಂಟೂವರೆ, ಒಂಬತ್ತು. ಯಾವುದೋ ಬಾಗಿಲು ಮುಚ್ಚುವ ಹೊತ್ತು, ಅದರೊಳಗೆ ತಾನು ಇರಬೇಕಾದ ಹೊತ್ತು. ಸೈಕಲ್ ತುಳಿಯುವವರ ಬಗ್ಗೆ ಇನ್ನು ಮೇಲೆ ಉಪದೇಶ ಮಾಡಬಾರದು ಎಂದು ತೀರ್ಮಾನಿಸಿದೆ. ಎಷ್ಟು ದಿನ ನಡೆಯುತ್ತದೋ ನೋಡಬೇಕು.

ಬಸ್ ಹತ್ತುವ ಮುಂಚೆ ಶ್ವೇತಾ ಒಂದು ಬಟ್ಟೆಯ ಚೀಲ ಕೊಟ್ಟಳು. ಮಡಿಲು ತುಂಬಿಸಿಕೊಂಡ ಮಗಳು, ತವರು ಬರಿದಾಗದಿರಲಿ ಎಂದು ಅದರಲ್ಲೇ ಐದು ಹಿಡಿ ಅಕ್ಕಿಯನ್ನು ಹಿಂದಕ್ಕೆ ಕೊಡಬೇಕಂತೆ. ಚೀಲದಲ್ಲಿ ಒಂದು ಸಣ್ಣ ಅಕ್ಕಿಯ ಗಂಟಿತ್ತು. ಅದರ ಕೆಳಗೆ ಮಡಿಸಿಟ್ಟ ಇನ್ನೇನೋ ಬಟ್ಟೆ.

"ಈ ಅಕ್ಕಿನ ಅವ್ವ ಬ್ಯಾಡ ಅನ್ನಂಗಿಲ್ಲ. ಅಕ್ಕಿ ಜೊತೇಲಿ ಓಗಿದ್ದನ್ನೂ ಬ್ಯಾಡ ಅನ್ನಂಗಿಲ್ಲ. ಅಷ್ಟ್ ಯೋಳ್ಬುಡಿ ದೊಡ್ಡವ್ವ," ಎಂದಳು.

ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸಿನಲ್ಲಿ, ಕಿಟಕಿಯ ಸೀಟಿಗಾಗಿ ಇಬ್ಬರ ಹತ್ತಿರ ಬೈಸಿಕೊಂಡು, ಮಧ್ಯಾಹ್ನ ಮೂರಕ್ಕೆ ಚಾಮರಾಜನಗರದಲ್ಲಿ ಇಳಿದೆ. ಬಸವಣ್ಣನ ಅಂಗಡಿಯ ಬೆಂಚಿನ ಮೇಲೆ ಕಾದೆ. ಸಾಲಿನಲ್ಲಿ ಒಂದು ಸೈಕಲ್ಲಿನ ಜಾಗ ಖಾಲಿ ಇತ್ತು. "ಶ್ವೇತಾ ಇವತ್ತು ನಡ್ಕಂಡ್ ಬಂದ್ಲು," ಎಂದರು ಅವರು. "ಐದೂ ಮುಕ್ಕಾಲಿಗೆ ಮನೆ ಬುಟ್ಟಿದ್ಲಂತೆ. ಡಬ್ಬಲ್ ಕೂತ್ಕ ಬಾ ಅಂದ್ರೆ, ದಿನಾ ಇನ್ನೊಬ್ರಿಗ್ ಯಾಕ್ ಭಾರ ಅಂದ್ಲಂತೆ. ಬಸ್ ಒಂಟೇ ಬುಟ್ಟಿತ್ತು, ನಾನೇ ಓಡೋಗಿ ಅಡ್ಡ ನಿಂತ್ಕಂಡ್ ನಿಲ್ಲಿಸ್ದೆ. ನಾಳೆ ನಿಲ್ಲಿಸಲ್ಲ ಅಂದವ್ನೆ ಡ್ರೈವರು."

ಕಂಪನಿ ಬಸ್ಸು ಬಂತು. ಸಿದ್ದರಾಜಮ್ಮ ಕೊನೆಯವಳಾಗಿ, ಕಂಬಿ ಹಿಡಿದುಕೊಂಡು ನಿಧಾನವಾಗಿ ಇಳಿದಳು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ನನ್ನನ್ನು ಕಂಡವಳೇ ಮೊದಲು ಕೇಳಿದ್ದು, "ತುಳುದ್ಲಾ?" ಎಂದು. ತುಳಿದಳು, ಬೆಲ್ ಬಾರಿಸಿಕೊಂಡು ಹೋದಳು ಎಂದೆ. ಅವಳ ಮುಖ ಅಗಲವಾಯಿತು.

ಚೀಲ ಕೊಟ್ಟೆ. ಅಕ್ಕಿಯ ಗಂಟನ್ನು ಕಣ್ಣಿಗೊತ್ತಿಕೊಂಡಳು. ಕೆಳಗಿದ್ದದ್ದನ್ನು ಎಳೆದಳು. ಒಂದು ಜೊತೆ ಮಾಸಲು ಹಸಿರು ಬಣ್ಣದ ಚೂಡಿದಾರ, ಮಗಳು ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದದ್ದು. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿ, ಆ ರಾತ್ರಿಯೇ ಕೈಯಲ್ಲಿ ಹೊಲಿದಿದ್ದಳು ಶ್ವೇತಾ. ನಾನು ಅವಳು ಹೇಳಿದ ಮಾತನ್ನು ಹಾಗೆಯೇ ಹೇಳಿದೆ.

ಸಿದ್ದರಾಜಮ್ಮ ಆ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿದಳು. ದಿನವಿಡೀ ಹೊಲಿಗೆಯನ್ನೇ ನೋಡುವ ಕಣ್ಣು. "ಥೂ ಇವ್ಳ, ನೆಟ್ಟಗ್ ಒಲ್ದಿಲ್ಲ," ಎಂದಳು. ಚೀಲವನ್ನು ಕಂಕುಳಿಗೆ ಸೇರಿಸಿಕೊಂಡು, ನಾಳೆ ಏನು ಮಾಡುತ್ತಾಳೆಂದು ಹೇಳದೆಯೇ ಊರಿನ ಬಸ್ಸಿಗೆ ಹೋದಳು.

ನನ್ನ ರೈಲು ಹೋಗಿಯಾಗಿತ್ತು. ಲಾಡ್ಜಿನಲ್ಲಿ ಉಳಿದೆ. ರೈಲು ಹೋಗದಿದ್ದರೂ ಉಳಿಯುತ್ತಿದ್ದೆ.

ನಾಲ್ಕನೆಯ ದಿನ ಆರೂವರೆಗೇ ಸರ್ಕಲ್ಲಿನಲ್ಲಿ ನಿಂತೆ. ಆರೂ ಮುಕ್ಕಾಲಿಗೆ ಹರದನಹಳ್ಳಿಯ ಹನ್ನೆರಡು ಸೈಕಲ್ಲುಗಳು ಬಂದವು. ಅವಳಿರಲಿಲ್ಲ. "ಒಂಟವ್ಳೆ, ಹಿಂದೆ ಬತ್ತಾವ್ಳೆ," ಎಂದಷ್ಟೇ ಹೇಳಿ ಅವರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಏಳಕ್ಕೆ ಐದು ನಿಮಿಷವಿತ್ತು. ಬಸ್ಸಿನ ಇಂಜಿನ್ ಶುರುವಾಯಿತು. ಬಸವಣ್ಣ ಸ್ಪ್ಯಾನರ್ ಹಿಡಿದುಕೊಂಡೇ ರಸ್ತೆಗೆ ಇಳಿದಿದ್ದರು, ಇನ್ನೊಮ್ಮೆ ಅಡ್ಡ ನಿಲ್ಲುವುದಕ್ಕೆ.

ಆಗ ಮಂಜಿನೊಳಗಿಂದ ಆ ಎತ್ತರದ ಸೈಕಲ್ಲು ಬಂತು. ಅದರ ಮೇಲೆ ಹಸಿರು ಚೂಡಿದಾರದಲ್ಲಿ ಸಿದ್ದರಾಜಮ್ಮ, ಬೆನ್ನು ನೆಟ್ಟಗೆ, ಬಾರಿನ ಎರಡೂ ಕಡೆ ಕಾಲು, ಸೀಟಿನ ಮೇಲೆ ಕೂತು. ಮುಖದ ಮೇಲೆ ನಗುವಿರಲಿಲ್ಲ, ಹಲ್ಲು ಕಚ್ಚಿದ್ದಳು. ಬ್ರೇಕ್ ಸರಿಯಾಗಿ ಹಿಡಿಯದೆ ಬಸವಣ್ಣನ ಬೆಂಚಿಗೆ ಗುದ್ದಿ ನಿಂತಳು. ಬಸ್ಸಿನ ಕಿಟಕಿಗಳಿಂದ ಹೆಂಗಸರು ಕೂಗಿ ಗಲಾಟೆ ಎಬ್ಬಿಸಿದರು. ನಾನೂ ಕೂಗಿದೆ. ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷ ಬೇರೆಯವರನ್ನು ಸುಮ್ಮನಿರಿಸಿದ ಗಂಟಲು ಅದು.

ಬಸವಣ್ಣ ಸೈಕಲ್ ಹಿಡಿದುಕೊಂಡು ಅದರ ಅರ್ಧ ಚೈನ್ ಕವರನ್ನು ಬಗ್ಗಿ ನೋಡಿದರು. ಬರೀ ತುಕ್ಕು.

"ಇದ್ರಲ್ಲಿ ಎಸ್ರೇ ಇಲ್ವಲ್ಲವ್ವ. ಶ್ವೇತಾ ಅಂತ ಬರ್ದ್ ಬುಡ್ಲಾ?"

ಅವಳು ಓಡುತ್ತಿದ್ದವಳು ಬಸ್ಸಿನ ಮೆಟ್ಟಿಲ ಮೇಲೆ ತಿರುಗಿದಳು. "ಶ್ವೇತಾ ಸೈಕಲ್ಲು ಶ್ವೇತಾ ತಾವ ಓಯ್ತು ಕಣಣ್ಣ. ಸಿದ್ದರಾಜಮ್ಮ ಅಂತ ಬರಿ."

"ಜಾಗ ಸಾಲ್ದು ಕಣವ್ವ. ಸಿದ್ದು ಅಂತ ಬರ್ದ್ರೆ ಆಗಲ್ವಾ?"

ಬಸ್ಸು ಹೊರಟೇಬಿಟ್ಟಿತ್ತು. ಕಿಟಕಿಯಿಂದ ಹಸಿರು ತೋಳೊಂದು ಹೊರಗೆ ಬಂತು.

"ಪೂರ್ತಿ ಬರೀ ಅಣ್ಣ, ಪೂರ್ತಿ!"

ರೈಲಿಗೆ ಇನ್ನೂ ಹೊತ್ತಿತ್ತು. ಬಸವಣ್ಣ ತುಕ್ಕು ಉಜ್ಜಿ, ಬಿಳಿ ಪೇಂಟಿನ ಡಬ್ಬಿ ಹುಡುಕಿ, ಕನ್ನಡಕ ಹಾಕಿಕೊಂಡು ಕೂತರು. ಅವರು ಹೇಳಿದ್ದು ನಿಜ, ಜಾಗ ಸಾಲಲಿಲ್ಲ. ಕೊನೆಯ ‘ಮ್ಮ’ ಕವರಿನ ಅಂಚು ದಾಟಿ ಕೆಳಗೆ ಇಳಿಯಿತು. ಪೇಂಟು ಆರುವವರೆಗೂ ನಾನು ಅಲ್ಲೇ ನಿಂತಿದ್ದೆ.